ಟೆನಿಸ್ ಕೋರ್ಟೂ ಅಪ್ಪನ ಮೆಕ್ಕೆಜೋಳವೂ

ದೋಸ್ತರ, ನನ್ನ ತಲಿ ಕೆಟ್ಟೈತಿ, ಯಾರರ ಬಿಡಿಸಿ ಹೇಳ್ರಿ. ಅರ್ಧ ತಾಸಿನ ಹಿಂದ ಒಬ್ಬಾಕಿ ಫೋನ್ ಮಾಡಿ, ಮಂಗಳೂರು ಕಡೆ ಸಮುದ್ರದ ದಂಡಿಗೆ ವಿಲ್ಲಾ ತಗೊಳ್ರಿ ಅಂದಳು.

"ಟೆನಿಸ್ ಕೋರ್ಟೂ ಇದೆ ಸರ್."

ಸ್ಪೀಕರ್‌ನಾಗ ಕೇಳಿದ ಅಪ್ಪ, "ಹಂಗಂದ್ರ?" ಅಂದ.

"ದೊಡ್ಡ ಬಯಲು ಸರ್, ಗಟ್ಟಿ ನೆಲ, ನೀರು ನಿಲ್ಲಲ್ಲ."

ನಿನ್ನೆ ರೋಡಿನ ಮ್ಯಾಲೆ ಮೆಕ್ಕೆಜೋಳ ಒಣಗಿಸಿ ಬಸ್ ಡ್ರೈವರ್ ಕಡೆ ಬೈಸ್ಕೊಂಡಿದ್ದ ಅಪ್ಪನ ಮುಖ ಅರಳಿತು.

"ಬಿಸಿಲು ಬೀಳ್ತೈತೇನವ್ವ?"

"ದಿನವಿಡೀ ಸರ್!"

"ಕುರಿ ಬರ್ತಾವೇನು?"

"ಇಲ್ಲ ಸರ್, ಸುತ್ತ ಎತ್ತರದ ಜಾಲರಿ ಇದೆ."

"ಮನಿ ಬ್ಯಾಡ. ಅದೊಂದನ್ನ ಇಲ್ಲೇ ನಮ್ಮೂರು ಹಡಗಲಿಯಾಗ ಮಾಡಿಕೊಡ್ರಿ."

"ಮ್ಯಾನೇಜರ್‌ನ ಕೇಳ್ತೀನಿ, ಲೈನಲ್ಲೇ ಇರಿ" ಅಂದಾಳ. ಫೋನಿನ್ಯಾಗ ಹಾಡು ಬರಾಕತ್ತೈತಿ. ಇಡಬೇಕೋ ಬ್ಯಾಡೋ ನನಗ ತಿಳೀವಲ್ದು. ಅಪ್ಪ ಮಾತ್ರ ಆ ಕೋರ್ಟಿನ ಒಂದು ಮೂಲಿ ಆಗಲೇ ಪಕ್ಕದ ಮನಿಯವರಿಗೆ ಅವರ ಜೋಳ ಒಣಗಿಸಾಕ ಒಪ್ಪಿಸಿ ಬಂದಾನ.