ಕಾರಿಡಾರಿನ ಪಂಕ್ತಿ

ಹೋದ ವಾರ ಸಿಂಗಪುರದ ಬಿಶಾನ್ ಮಾರುಕಟ್ಟೆಯಲ್ಲಿ ತರಕಾರಿ ಮಾರುವ ಮಲಯ್ ಹೆಂಗಸು ಅರಿಶಿನದ ಎಲೆಯ ಕಟ್ಟೊಂದನ್ನು ಬಿಚ್ಚಿ ಹರವುತ್ತಿದ್ದಳು. ಅವರ ಅಡುಗೆಗೂ ಅದು ಬೇಕು. ಒಂದು ಎಲೆ ಮುರಿದಿತ್ತು. ಆ ವಾಸನೆ ಮೂಗಿಗೆ ಬಡಿದು ನಾನು ಕೈಚೀಲ ಹಿಡಿದು ನಿಂತುಬಿಟ್ಟೆ. ಹಿಂದಿನವರು "ಅಂಕಲ್, ಬೈಯಿಂಗ್ ಆರ್ ನಾಟ್?" ಎಂದು ಕೇಳಿದ ಮೇಲೆ ಎರಡು ಎಲೆ ಕೊಂಡೆ. ಅದರಲ್ಲಿ ಏನು ಮಾಡಬೇಕೆಂದು ನನಗೆ ಗೊತ್ತಿಲ್ಲ. ಗೊತ್ತಿದ್ದವರು ಎದುರುಮನೆ ಅಕ್ಕ...

ತೊಂಬತ್ತರ ದಶಕದಲ್ಲಿ ನಾವು ಆಂಗ್ ಮೋ ಕಿಯೋದಲ್ಲಿದ್ದೆವು. ನಾನು ಅಲ್ಲಿಯ ಒಂದು ಫ್ಯಾಕ್ಟರಿಯಲ್ಲಿ ಸ್ಟೋರ್ ಕೀಪರ್. ಎಸ್ಸೆಸ್ಸೆಲ್ಸಿ ಓದಿ, ಹಾಸನದ ಕಡೆಯಿಂದ ಹಡಗುಕಟ್ಟೆಯ ಕೆಲಸಕ್ಕೆಂದು ಬಂದು ಇಲ್ಲೇ ನಿಂತವನು. ನಮ್ಮ ಬಾಗಿಲಿನಿಂದ ಅಕ್ಕನ ಬಾಗಿಲಿಗೆ ಎಂಟು ಹೆಜ್ಜೆ. ಕಾರಿಡಾರಿನ ಉದ್ದಕ್ಕೂ ಅವರ ಕುಂಡಗಳು: ತುಳಸಿ, ಗರಿಕೆ, ಅರಿಶಿನ. ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದರು. ಬೆಳಗಾದರೆ ಹೊಸ್ತಿಲಿಗೆ ರಂಗೋಲಿ, ಹಣೆಗೆ ಕುಂಕುಮ, ಮುಡಿಗೆ ಒಂದೆಳೆ ಮಲ್ಲಿಗೆ. ಮುಖ ಮಾತ್ರ ಚೀನಿಯರದು.

ಎರಡನೇ ಮಹಾಯುದ್ಧ ಮುಗಿದ ಕೆಲವು ವರ್ಷಗಳಲ್ಲಿ ಹೆಣ್ಣು ಹೆಚ್ಚಾದ ಚೀನಿ ಮನೆಗಳವರು ಕೂಸನ್ನು ಬೇರೆಯವರಿಗೆ ಕೊಟ್ಟುಬಿಡುತ್ತಿದ್ದರಂತೆ. ಸೆರಂಗೂನ್ ರಸ್ತೆಯ ಸಸ್ಯಾಹಾರಿ ಹೋಟೆಲೊಂದರಲ್ಲಿ ಅಡುಗೆ ಮಾಡುತ್ತಿದ್ದ ಉಡುಪಿಯವರೊಬ್ಬರಿಗೆ ಮಕ್ಕಳಿರಲಿಲ್ಲ. ಹನ್ನೆರಡು ದಿನದ ಕೂಸನ್ನು ತಂದು ಹೆಂಡತಿಯ ಮಡಿಲಿಗೆ ಹಾಕಿದರು. ಆ ಕೂಸೇ ಅಕ್ಕ. ಮನೆಯಲ್ಲಿ ತುಳು, ನಮ್ಮೊಂದಿಗೆ ಮಂಗಳೂರ ಕನ್ನಡ, ಅಂಗಡಿಯಲ್ಲಿ ತಮಿಳು. ಚೀನಿ ಭಾಷೆ ಒಂದಕ್ಷರ ಬರುತ್ತಿರಲಿಲ್ಲ. ಮದುವೆಯಾಗಲಿಲ್ಲ. ಅದನ್ನು ಕೇಳಿದರೆ ನಗುತ್ತಿದ್ದರು. "ನೋಡ್ಲಿಕ್ಕೆ ಬಂದವರು ನನ್ನ ಮುಖ ನೋಡಿದರು, ಕಾಫಿ ಕುಡಿದರು, ಹೋದರು. ಕಾಫಿ ಒಳ್ಳೇದಿತ್ತು ಅಂತ ಹೇಳಿದರು ಮಾರಾಯ್ರೆ, ಸುಳ್ಳು ಹೇಳಬಾರದು."

ನಾವು ಕೆಲವು ಕನ್ನಡ ಮನೆಗಳವರು ಸೇರಿ ಪ್ರತಿ ವರ್ಷ ಒಂದು ಹಾಲ್ ಬುಕ್ ಮಾಡಿ ಗಣೇಶನ ಹಬ್ಬ ಮಾಡುತ್ತಿದ್ದೆವು. ಅಡುಗೆಯ ಉಸ್ತುವಾರಿ, ಪಂಕ್ತಿಯ ಉಸ್ತುವಾರಿ ನನ್ನದು. ನೈವೇದ್ಯದ ಕಡುಬು ಅಕ್ಕನದು. ಅರಿಶಿನದ ಎಲೆಗೆ ಅಕ್ಕಿಹಿಟ್ಟು ಸವರಿ, ಒಳಗೆ ಬೆಲ್ಲ ತೆಂಗಿನಕಾಯಿ ಇಟ್ಟು, ಮಡಿಸಿ ಬೇಯಿಸುವ ಕರಾವಳಿಯ ಕಡುಬು. ಹಬೆಯ ಪಾತ್ರೆಯ ಮುಚ್ಚಳ ತೆಗೆದರೆ ಆ ವಾಸನೆ ಹಾಲ್ ತುಂಬ ತುಂಬಿಕೊಳ್ಳುತ್ತಿತ್ತು. ಅನೇಕ ವರ್ಷ ಯಾರೂ ಏನೂ ಕೇಳಿರಲಿಲ್ಲ.

ದಶಕದ ನಡುವೆ ಬೆಂಗಳೂರಿನಿಂದ ಹೊಸಬರು ಬರತೊಡಗಿದರು. ಎಂಜಿನಿಯರುಗಳು, ಬ್ಯಾಂಕಿನವರು, ಕಾಂಡೋ ಎಂಬ ದುಬಾರಿ ಅಪಾರ್ಟ್‌ಮೆಂಟುಗಳಲ್ಲಿ ಇಳಿದವರು. ಅವರ ನಡುವೆ ನಾನು ಏನು? ಅವರ ಇಂಗ್ಲಿಷ್ ಮುಂದೆ ನನ್ನ ಬಾಯಿ ಕಟ್ಟುತ್ತಿತ್ತು. ಆದರೆ ಪೂಜೆ, ಪದ್ಧತಿ ಎಂದ ಕೂಡಲೇ ಅವರೇ ನನ್ನ ಕಡೆ ತಿರುಗುತ್ತಿದ್ದರು. ಅದೊಂದು ಕುರ್ಚಿ ನನಗೆ ಸಿಕ್ಕಿತ್ತು. ಅದನ್ನು ಬಿಡಲು ನಾನು ತಯಾರಿರಲಿಲ್ಲ. ಇದನ್ನು ನಾನು ನೆಪವಾಗಿ ಹೇಳುತ್ತಿಲ್ಲ. ಕಾರಣ ಇದೇ ಆಗಿತ್ತು, ಅಷ್ಟೇ.

ಒಂದು ವರ್ಷ ಹಬ್ಬಕ್ಕೆ ಹದಿನೈದು ದಿನ ಇರುವಾಗ, ಬ್ಯಾಂಕಿನವರೊಬ್ಬರ ತಾಯಿ, ಊರಿನಿಂದ ಬಂದವರು, ನನ್ನನ್ನು ಕೇಳಿದರು: "ಆ ಚೀನಿ ಹೆಂಗಸು ನೈವೇದ್ಯ ಮಾಡ್ತಾರಂತೆ, ಹೌದಾ?"

ಅವರು ಕೇಳಿದ್ದು ಅಷ್ಟೇ. ಬೇಡ ಅನ್ನಲಿಲ್ಲ. ಉಳಿದದ್ದನ್ನು ಕಟ್ಟಿದವನು ನಾನು. ಮುಂದಿನ ಸಭೆಯಲ್ಲಿ ನಾನೇ ಎದ್ದು ನಿಂತು, ಅಡುಗೆಮನೆಗೂ ಒಳಗಿನ ಪಂಕ್ತಿಗೂ ಹುಟ್ಟಿನಿಂದ ನಮ್ಮವರಾದವರು ಮಾತ್ರ ಎಂದೆ. ಅವರವರು ಅವರವರಲ್ಲಿ ಇದ್ದರೆ ಯಾರಿಗೂ ತೊಂದರೆಯಿಲ್ಲ, ಹಿರಿಯರು ಹಾಕಿದ ಗೆರೆಯನ್ನು ನಾವು ಅಳಿಸಬಾರದು ಎಂದೆಲ್ಲ ಮಾತಾಡಿದೆ. ಎಲ್ಲರೂ ತಲೆಯಾಡಿಸಿದರು. "ನೀವಿರೋವರೆಗೆ ಸಂಪ್ರದಾಯಕ್ಕೆ ಭಯವಿಲ್ಲ ಬಿಡಿ" ಎಂದರು ಒಬ್ಬರು. ಆ ಮಾತು ಎಷ್ಟೋ ದಿನ ಕಿವಿಯಲ್ಲಿ ಸಿಹಿಯಾಗಿ ಉಳಿದಿತ್ತು.

ಯಾವ ಹಿರಿಯರು? ಯಾವ ಗೆರೆ? ನಮ್ಮ ಪಂಕ್ತಿಯಲ್ಲಿ ಅದಾಗಲೇ ಎಲ್ಲ ಜಾತಿಯವರೂ ಒಟ್ಟಿಗೆ ಕೂರುತ್ತಿದ್ದೆವು. ಸಮುದ್ರ ದಾಟಿ ಬಂದ ಮೇಲೆ ಅದನ್ನು ಕೇಳುವವರಿರಲಿಲ್ಲ. ಮಡಿ ಮೈಲಿಗೆ ಎಂಬ ನೆಪವೂ ನಮಗೆ ಉಳಿದಿರಲಿಲ್ಲ. ಅಕ್ಕನಿಗೆ ಗೊತ್ತಿದ್ದಷ್ಟು ಪದ್ಧತಿ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಾಗಾದರೆ ನಾನು ತಡೆದದ್ದು ಏನನ್ನು? ಒಂದು ಮುಖವನ್ನು. ಸಣ್ಣ ಕಣ್ಣನ್ನು, ಮೈಬಣ್ಣವನ್ನು. ಅದಕ್ಕೆ ಸಂಪ್ರದಾಯ ಅಂತ ಹೆಸರಿಟ್ಟೆ. ಇಲ್ಲಿಯ ಸರ್ಕಾರ ತಾನು ಕಟ್ಟಿಸಿದ ಒಂದೊಂದು ವಸತಿ ಬ್ಲಾಕಿನಲ್ಲೂ ಎಲ್ಲ ಜನಾಂಗದವರನ್ನೂ ಬೆರೆಸಿ ಇಟ್ಟಿತ್ತು. ನಾನು ವರ್ಷಕ್ಕೊಂದು ದಿನ ಒಂದು ಹಾಲ್ ಬಾಡಿಗೆಗೆ ಹಿಡಿದು ಬೇರೆ ಮಾಡಿದೆ.

ಅಕ್ಕನಿಗೆ ಹೇಳಬೇಕಾದವನೂ ನಾನೇ. ಎಂಟು ಹೆಜ್ಜೆ ನಡೆದು ಹೋದೆ. ಅವರು ರವಿಕೆಯ ತೋಳಿಗೆ ಸೂಜಿ ಹಾಕುತ್ತಿದ್ದರು.

"ಅಕ್ಕ, ಈ ಸಲ ಅಡುಗೆಮನೆ ಕೆಲಸ ನಿಮಗೆ ಬೇಡ ಅಂತ ಕಮಿಟಿಯಲ್ಲಿ ಡಿಸೈಡ್ ಆಗಿದೆ. ಹೊಸಬರು ಸ್ವಲ್ಪ ಸಂಪ್ರದಾಯದವರು."

"ಹೌದಾ? ಮೊನ್ನೆ ಗರಿಕೆಗೆ ಎಷ್ಟು ಎಸಳಿರಬೇಕು ಅಂತ ಆ ಬ್ಯಾಂಕಿನವರ ಹೆಂಡತಿ ಫೋನ್ ಮಾಡಿ ಕೇಳಿದ್ದು ನನ್ನ ಹತ್ತಿರ."

"ಹಾಗಲ್ಲ ಅಕ್ಕ... ಹುಟ್ಟು ಅಂತ ಒಂದಿರುತ್ತಲ್ಲ. ನಿಮ್ಮ ಐಸಿಯಲ್ಲೇ, ಗುರುತಿನ ಚೀಟಿಯಲ್ಲೇ, ಚೈನೀಸ್ ಅಂತ ಇದೆ."

ಅವರು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟರು. "ನನ್ನ ಐಸಿ ನೀವು ನೋಡಿದ್ದು ಯಾವಾಗ?"

"ನಿಮ್ಮ ಅಮ್ಮನ ಆಸ್ಪತ್ರೆ ಫಾರ್ಮ್ ತುಂಬಿಕೊಟ್ಟಾಗ."

"ಹಾಗಾದರೆ ಅದರ ಮೇಲಿನ ಸಾಲನ್ನೂ ಓದಿರಬೇಕಲ್ಲ ಸ್ಟೋರಿನವರೇ? ಯಾರ ಮಗಳು ಅಂತ ಬರೆದುಂಟು?"

ಅಲ್ಲಿ ಅವರ ಹೆಸರಿನ ಜೊತೆ ಆ ಉಡುಪಿಯ ಅಡುಗೆಯವರ ಹೆಸರೇ ಇತ್ತು. ನಾನು ಓದಿದ್ದೆ.

"ಊಟಕ್ಕೆ ಬರಬಹುದಾ? ಅಥವಾ ಅದಕ್ಕೂ ಕಮಿಟಿ ಉಂಟಾ?"

"ಅಯ್ಯೋ, ಬನ್ನಿ ಅಕ್ಕ. ಹಾಲ್ ಹೊರಗೆ ಕಾರಿಡಾರಿನಲ್ಲಿ ಆಫೀಸಿನ ಗೆಸ್ಟ್‌ಗಳಿಗೆ ಟೇಬಲ್ ಹಾಕಿಸಿರ್ತೀವಿ."

"ಆಯ್ತು. ಬರ್ತೇನೆ."

ಸಲೀಸಾಗಿ ಮುಗಿಯಿತಲ್ಲ ಎಂದು ನಾನು ಸಮಾಧಾನದಿಂದ ಮನೆಗೆ ಬಂದು ಕಾಫಿ ಕುಡಿದೆ.

ಹಬ್ಬದ ದಿನ ಕಾರಿಡಾರಿನಲ್ಲಿ ಮಡಚುವ ಟೇಬಲ್, ಪೇಪರ್ ತಟ್ಟೆ, ಪ್ಲಾಸ್ಟಿಕ್ ಚಮಚ. ಎಂಜಿನಿಯರುಗಳ ಆಫೀಸಿನ ಚೀನಿ ಗೆಳೆಯರು ಮೂರು ನಾಲ್ಕು ಜನ ಕುರ್ಚಿಯಲ್ಲಿದ್ದರು. ಅಕ್ಕ ಬಂದರು. ಹಸಿರು ರೇಷ್ಮೆ ಸೀರೆ, ಮುಡಿ ತುಂಬ ಮಲ್ಲಿಗೆ, ಕಂಕುಳಲ್ಲಿ ಸುರುಳಿ ಸುತ್ತಿದ ಬಾಳೆಲೆ. ಟೇಬಲ್ ದಾಟಿ, ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಚಕ್ಕಳಮಕ್ಕಳ ಕೂತರು. ಎಲೆ ಹರಡಿ, ನೀರು ಚಿಮುಕಿಸಿ ಒರೆಸಿದರು. ತುದಿ ಎಡಕ್ಕೆ.

ನಾನು ಓಡಿಬಂದೆ. "ಅಕ್ಕ, ಕುರ್ಚಿ ಇದೆಯಲ್ಲ..."

"ಕುರ್ಚಿ ನಿಮ್ಮ ಗೆಸ್ಟ್‌ಗಳಿಗೆ. ನನಗೆ ನೆಲದ ಅಭ್ಯಾಸ. ಬಡಿಸಿ. ಮೊದಲು ಉಪ್ಪು. ಎಡಗಡೆ ತುದಿಗೆ."

ಬಡಿಸದೆ ಹೋಗುವಂತಿರಲಿಲ್ಲ, ಎಲ್ಲರೂ ನೋಡುತ್ತಿದ್ದರು. ಬಗ್ಗಿ ಉಪ್ಪು ಬಡಿಸಿದೆ. ಕೋಸಂಬರಿಗೆ ಬಗ್ಗಿದೆ, ಪಲ್ಯಕ್ಕೆ ಬಗ್ಗಿದೆ, ಗೊಜ್ಜಿಗೆ ಬಗ್ಗಿದೆ. ಒಂದೊಂದನ್ನೂ ಅವರು ಬೆರಳಲ್ಲಿ ತೋರಿಸಿ ಜಾಗ ಹೇಳಿದರು. ಕುರ್ಚಿಯಲ್ಲಿದ್ದ ಒಬ್ಬರು, ವಯಸ್ಸಾದವರು, ಚೀನಿ ಭಾಷೆಯಲ್ಲಿ ಅವರನ್ನು ಏನೋ ಕೇಳಿದರು.

"ಚೈನೀಸ್ ಕ್ಯಾನಾಟ್ ಲಾ, ಅಂಕಲ್. ತುಳು ಕ್ಯಾನ್" ಎಂದರು ಅಕ್ಕ. ಆ ಮನುಷ್ಯ ಹೊಟ್ಟೆ ಹಿಡಿದು ನಕ್ಕ.

ಅಷ್ಟರಲ್ಲಿ ಒಳಗಿನ ಪಂಕ್ತಿಯಿಂದ ನನ್ನ ಹೆಂಡತಿ ತನ್ನ ಎಲೆ ಎತ್ತಿಕೊಂಡು ಬಂದಳು. ನನ್ನ ಮುಖ ನೋಡಲಿಲ್ಲ. ಅಕ್ಕನ ಪಕ್ಕ ಎಲೆ ಹಾಕಿ ಕೂತಳು. ನಾನು ಒಳಗೆ ಹೋದಾಗ ಬ್ಯಾಂಕಿನವರ ತಾಯಿ ಖಾಲಿ ಜಾಗ ನೋಡಿ "ನಿಮ್ಮ ಮನೆಯವರೆಲ್ಲಿ?" ಎಂದು ಕೇಳಿದರು. "ಬಡಿಸ್ತಿದ್ದಾಳೆ" ಎಂದೆ. ದೇವರ ಮುಂದೆ ನಿಂತು ಹೇಳಿದ ಸುಳ್ಳು.

ಅಕ್ಕ ನಿಧಾನವಾಗಿ, ಮಜ್ಜಿಗೆಯವರೆಗೆ ಪೂರ್ತಿ ಊಟ ಮಾಡಿದರು. ಎಲೆ ಮಡಿಸಿದರು. ಎದ್ದು, ತಮ್ಮ ಎಲೆ ತಾವೇ ಎತ್ತಿ, ನನಗೆ ಹೇಳಿದರು: "ಬಡಿಸ್ಲಿಕ್ಕೆ ಕಲಿತಿರಿ. ಇನ್ನು ಕೂರಿಸ್ಲಿಕ್ಕೆ ಕಲೀರಿ." ದನಿ ಎತ್ತರವಿರಲಿಲ್ಲ.

ಆಮೇಲೆ ಅವರು ಹಬ್ಬಕ್ಕೆ ಬರಲಿಲ್ಲ. ನಮ್ಮ ಮನೆಗೆ ಬರುತ್ತಿದ್ದ ಕಡುಬಿನ ಡಬ್ಬಿಯೂ ನಿಂತಿತು. "ತಿನ್ನಬೇಕಾದರೆ ಬಂದು ಕೂತು ತಿನ್ನಲಿ" ಎಂದು ಹೆಂಡತಿಯ ಕೈಲಿ ಹೇಳಿಕಳಿಸಿದರು. ಹೆಂಡತಿ ಹೋಗುತ್ತಿದ್ದಳು. ಅವರಿಬ್ಬರ ನಗು ನಮ್ಮ ಮನೆಯ ಹಾಲಿಗೆ ಕೇಳುತ್ತಿತ್ತು, ಹಬೆಯ ವಾಸನೆ ಬರುತ್ತಿತ್ತು. ನಾನು ಪೇಪರ್ ಹಿಡಿದು ಕೂತಿರುತ್ತಿದ್ದೆ. ಎಂಟು ಹೆಜ್ಜೆ. ಇವತ್ತು ಹೋಗೋಣ, ನಾಳೆ ಹೋಗೋಣ... ಬ್ಲಾಕನ್ನು ಕೆಡವಿ ಹೊಸದು ಕಟ್ಟುತ್ತಾರೆಂದು ಎಲ್ಲರೂ ಶಿಫ್ಟ್ ಆದೆವು. ಅಕ್ಕ ಅರಿಶಿನದ ಎರಡು ಕುಂಡ ನನ್ನ ಹೆಂಡತಿಗೆ ಕೊಟ್ಟು ಹೋದರು. ಕೆಲವು ವರ್ಷದ ಮೇಲೆ, ಅಕ್ಕ ಹೋಗಿಬಿಟ್ಟರಂತೆ ಎಂದು ಹೆಂಡತಿಯೇ ಬಂದು ಹೇಳಿದಳು. ನಾನು "ಹೌದಾ" ಎಂದೆ. ಹೆಂಡತಿಯೂ ಈಗಿಲ್ಲ. ಕುಂಡಗಳಿಗೆ ನಾನು ನೀರು ಹಾಕಿದ್ದು ಹೆಚ್ಚಾಯಿತೋ ಕಡಿಮೆಯಾಯಿತೋ, ಉಳಿಯಲಿಲ್ಲ.

ಹಬ್ಬದ ಈ ವರ್ಷದ ಸ್ಮರಣ ಸಂಚಿಕೆಗೆ ಬರೆಯಲು ಈಗಿನ ಕಮಿಟಿಯವರು ನೀವು ಕೇಳಿದಿರಿ. ವಿಷಯ: "ನಮ್ಮ ಸಂಪ್ರದಾಯ ಉಳಿಸಿದ ಹಿರಿಯರು". ಸಭೆಯಲ್ಲಿ ನನಗೆ ಶಾಲು ಹೊದಿಸುತ್ತೀರಂತೆ. ಬರೆದಿದ್ದೇನೆ. ಉಳಿಸಿದವರು ಯಾರೆಂದು ಮೇಲಿದೆ. ಉಳಿಸುತ್ತೇನೆಂದು ಹೊರಟವನು ಅವರನ್ನು ಬಾಗಿಲಾಚೆ ಇಟ್ಟ, ಅದೂ ಇದೆ. ಹಬ್ಬ ಬೇಡ, ಪಂಕ್ತಿ ಬೇಡ ಎಂದು ನಾನು ಹೇಳುತ್ತಿಲ್ಲ. ಬಾಗಿಲಲ್ಲಿ ನಿಂತು ಮುಖ ನೋಡುವವನಿಗೆ ಹಿರಿಯ ಎನ್ನಬೇಡಿ ಎನ್ನುತ್ತಿದ್ದೇನೆ. ನಿಮ್ಮ ವಾಟ್ಸಾಪ್ ಗುಂಪಿನಲ್ಲಿ ಮೊನ್ನೆ ಯಾರೋ "ರೂಮ್ ಬಾಡಿಗೆಗಿದೆ, ನಮ್ಮವರಿಗೆ ಮಾತ್ರ" ಎಂದು ಹಾಕಿದ್ದು ನೋಡಿದೆ. ಆ ಸಾಲನ್ನು ಬರೆಯಲು ನಿಮಗೆ ಕಲಿಸಿದವರಲ್ಲಿ ನಾನೂ ಒಬ್ಬ. ಈ ಲೇಖನವನ್ನು ಮೃದು ಮಾಡಿಕೊಡಿ ಎಂದು ಕೇಳಬೇಡಿ. ಹಾಕುವುದಾದರೆ ಹೀಗೇ ಹಾಕಿ. ಶಾಲು ನನಗೆ ಬೇಡ.

ತಡವಾಯಿತು, ಗೊತ್ತು. ನಾನು ಏನು ಬರೆದರೂ ಅಕ್ಕನಿಗೆ ತಲುಪುವುದಿಲ್ಲ. ತಂದ ಎಲೆಗೆ ಹಿಟ್ಟು ಸವರಿ ನೋಡಿದೆ. ಹಿಟ್ಟು ತೆಳುವಾಗಿ, ಕಡುಬು ಒಡೆದು ಬೆಲ್ಲವೆಲ್ಲ ಸೋರಿತು. ವಾಸನೆ ಮಾತ್ರ ಸರಿಯಾಗಿ ಬಂತು...

ಹಬ್ಬಕ್ಕೆ ಬರುತ್ತೇನೆ. ಒಳಗಲ್ಲ. ಕಾರಿಡಾರಿನಲ್ಲಿ, ಗೋಡೆಗೆ ಬೆನ್ನು ಕೊಟ್ಟು ಕೂರುತ್ತೇನೆ. ಮಂಡಿ ಮಡಚಲಾಗುವುದಿಲ್ಲ ಎಂದು ಡಾಕ್ಟರ್ ಹೇಳಿದ್ದಾರೆ, ನಾನು ಮಡಚುತ್ತೇನೆ. ಎಲೆ ನಾನೇ ತರುತ್ತೇನೆ. ಉಸ್ತುವಾರಿಯವರು ಯಾರೇ ಇರಲಿ, ಬಂದು ಬಗ್ಗಿ ಬಡಿಸಲಿ. ಮೊದಲು ಉಪ್ಪು. ಎಡಗಡೆ ತುದಿಗೆ.