ಚಂದ್ರವ್ವನ ಬಯಕೆಗೆ ಕೋಳಿ ನೂಡಲ್ಸ್

ನಮ್ಮ ಆರ್.ಟಿ. ನಗರದ ಮನೆಯ ಹಿಂದಿನ ಎರಡು ಕೋಣೆಗಳಲ್ಲಿ ಗದಗದ ಕಡೆಯ ಸಂಗವ್ವ ಬಹಳ ವರ್ಷ ಬಾಡಿಗೆಗಿದ್ದಳು. ಗಂಡ ಗುರುಪಾದಪ್ಪ ಯಶವಂತಪುರದ ಕಾರ್ಖಾನೆಯೊಂದರಲ್ಲಿದ್ದ. ಅವನು ತೀರಿಕೊಂಡ ಮೇಲೆ ಅಲ್ಲಿನ ಆಫೀಸಿನಲ್ಲೇ ಇವಳಿಗೆ ಅಟೆಂಡರ್ ಕೆಲಸ ಸಿಕ್ಕಿತು. ಮಹಾ ಗಟ್ಟಿಗಿತ್ತಿ. ಬೆಳಿಗ್ಗೆ ಇವಳು ರೊಟ್ಟಿ ಬಡಿದರೆ ನಮ್ಮ ಗೋಡೆಯ ಮೊಳೆ ಸಡಿಲವಾಗಬೇಕು. ಸ್ಟಾಪಿನಲ್ಲಿ ಬಸ್ಸು ನಿಲ್ಲಿಸದ ಡ್ರೈವರಿಗೆ ಮರುದಿನ ಮಂಗಳಾರತಿ ಮಾಡಿಯೇ ಬರುವವಳು. ಅಂಥವಳು ಎಂಬತ್ತನಾಲ್ಕರ ಮಳೆಗಾಲದಲ್ಲಿ ಹೆದರಿ ಅರ್ಧಕ್ಕೆ ಇಳಿದುಹೋಗಿದ್ದಳು.

ಹೆದರಿಕೆಯೆಲ್ಲ ಮಗಳು ಚಂದ್ರವ್ವನ ಬಗ್ಗೆ. ಅವಳನ್ನು ಬಾಗಲಗುಂಟೆಗೆ ಕೊಟ್ಟಿದ್ದರು. ಮೊದಲ ಬಸಿರು ಆರನೇ ತಿಂಗಳಲ್ಲಿ ನಿಲ್ಲದೆ ಹೋಗಿತ್ತು. ಈಗ ಮತ್ತೆ ಬಸಿರು, ಮತ್ತೆ ಆರನೇ ತಿಂಗಳು. ಗಂಜಿ ಕುಡಿದರೂ ವಾಂತಿ, ಮಜ್ಜಿಗೆ ಕುಡಿದರೂ ವಾಂತಿ. ತೂಕ ಹೀಗೇ ಇಳಿದರೆ ಮಗು ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿದ ಮೇಲೆ ಅಳಿಯನೇ ತಂದು ತಾಯಿಯ ಹತ್ತಿರ ಬಿಟ್ಟುಹೋಗಿದ್ದ. ಸಂಗವ್ವ ರಜೆ ಹಾಕಿ ಏನೇನೋ ಬೇಯಿಸಿದಳು. ಮಗಳು ವಾಸನೆಗೇ ಬಚ್ಚಲಿಗೆ ಓಡುತ್ತಿದ್ದಳು. ಹಿತ್ತಲಿನಿಂದ ಆ ಸದ್ದು ಕೇಳಿದರೆ ನನಗೂ ಅನ್ನ ಇಳಿಯುತ್ತಿರಲಿಲ್ಲ.

ಒಂದು ದಿನ ಚಂದ್ರವ್ವ ಬಾಯಿಬಿಟ್ಟು ಒಂದು ತಿನಿಸು ಕೇಳಿದಳು. ಮದುವೆಯಾದ ಹೊಸತರಲ್ಲಿ ಗಂಡ ಪೇಟೆಯ ಚೈನೀಸ್ ಹೋಟೆಲಿಗೆ ಕರೆದುಕೊಂಡು ಹೋಗಿ ಕೊಡಿಸಿದ್ದನಂತೆ, ಕೋಳಿ ಹಾಕಿದ ನೂಡಲ್ಸ್. ಹೋಟೆಲಿನದು ತರಿಸಬೇಡಿ, ಮನೆಯಲ್ಲಿ ಮಾಡಿದ್ದನ್ನೇ ಕೊಡಿ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಸಂಗವ್ವ ಸೀದಾ ನನ್ನ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಅಕ್ಕಾರ, ಒಂದ್ ಸಲ ಮನ್ಯಾಗ ಕೋಳಿ ಮಾಡ್ಲೇನ್ರಿ?"

ನಮ್ಮ ಮನೆಯಲ್ಲಿ ಮಾಂಸ ಬೇಯಿಸಕೂಡದು ಎಂದು ಮಾತಾಡಿಕೊಂಡೇ ಕೋಣೆ ಕೊಟ್ಟದ್ದು. ನನ್ನ ಯಜಮಾನರು ಸೇತುರಾಮರಿಗೆ ಮೊಟ್ಟೆಯ ಹೆಸರೆತ್ತಿದರೂ ಮೈ ಉರಿಯುತ್ತದೆ. "ಅವ್ರು ಆಫೀಸಿಗೆ ಹೋದ್ಮೇಲೆ ಮಾಡ್ಕೊಳ್ಳಿ. ನಾನು ಏನೂ ನೋಡಿಲ್ಲ, ಏನೂ ಕೇಳಿಲ್ಲ," ಎಂದೆ.

ಮರುದಿನ ಯಜಮಾನರು ಹೊರಟ ಮೇಲೆ ನೋಡಬಾರದೆಂದುಕೊಂಡವಳು ಹಿತ್ತಲಿಗೆ ಹೋಗಿಯೇ ಬಿಟ್ಟೆ. ನನ್ನ ಹುಟ್ಟುಗುಣ, ಏನು ಮಾಡಲಿ. ಸಂಗವ್ವನ ಆಫೀಸಿನ ಡ್ರೈವರ್ ಮೊಹಮ್ಮದನ ತಮ್ಮ ಚೈನೀಸ್ ಹೋಟೆಲಿನಲ್ಲಿ ಅಡುಗೆಗಿದ್ದ. ಅವನಿಂದ ಎರಡು ಪ್ಯಾಕೆಟ್ ನೂಡಲ್ಸ್, ಒಂದು ಬಾಟಲಿಯಲ್ಲಿ ಸೋಯಾ ಸಾಸ್ ಬಂದಿತ್ತು. ಜೊತೆಗೆ ಬಾಯಿಮಾತಿನ ಪಾಠ: ಮಸಾಲೆ ಬೇಡ, ಬೆಂಕಿ ಜೋರಾಗಿರಬೇಕು, ಕೈ ನಿಲ್ಲಬಾರದು.

ಮೊದಲ ಪ್ಯಾಕೆಟನ್ನು ಸಂಗವ್ವ ಆಗಲೇ ಹಾಳು ಮಾಡಿ ಕೂತಿದ್ದಳು. ಕಂಡದ್ದು ಶಾವಿಗೆಯ ಹಾಗಿತ್ತಲ್ಲ, ಅವರ ಊರಿನಲ್ಲಿ ಬೆಲ್ಲ ತುಪ್ಪಕ್ಕೆ ಬೇಯಿಸುವಂತೆ ಮೆತ್ತಗೆ ಬೇಯಿಸಿಬಿಟ್ಟಿದ್ದಳು. ಪಾತ್ರೆಯಲ್ಲಿ ಗೋಡೆಗೆ ಕಾಗದ ಅಂಟಿಸುವ ಗೋಂದಿನಂಥದ್ದೇನೋ ಇತ್ತು.

"ಇನ್ನ ಒಂದ ಪಾಕೀಟ ಉಳದೈತ್ರಿ. ಇದೂ ಕೆಟ್ಟರ ಹೆಂಗ್ರಿ?"

"ಕೆಡಲ್ಲ. ನೀರು ಕುದೀಲಿ, ಗಟ್ಟಿ ಇರುವಾಗ್ಲೇ ಬಸೀರಿ," ಎಂದು ಗದರಿದೆ. ನನಗೇನು ಗೊತ್ತಿತ್ತು, ಮಣ್ಣು. ಅವಳು ಪ್ಯಾಕೆಟ್ ಬಿಚ್ಚಲೂ ಹೆದರುತ್ತಿದ್ದುದನ್ನು ನೋಡಲಾಗದೆ ಅಂದದ್ದು.

ಬಸಿದದ್ದನ್ನು ಮಂಚದ ಮೇಲೆ ಮಡಿ ಪಂಚೆ ಹಾಸಿ, ಎಣ್ಣೆ ಸವರಿ ಹರವಿದಳು. ಕೋಸು, ಕ್ಯಾರೆಟ್ಟು, ದೊಣ್ಣೆಮೆಣಸಿನಕಾಯಿ ದಾರದ ಹಾಗೆ ಹೆಚ್ಚಿದಳು. ಎಲುಬು ಬಿಡಿಸಿದ ಕೋಳಿಯನ್ನೂ ಸಣ್ಣಗೆ ಸೀಳಿದಳು. ಪಂಪ್ ಸ್ಟವ್ ಭುಸುಗುಟ್ಟಿತು. ಬಾಣಲೆಯಲ್ಲಿ ಎಣ್ಣೆ ಹೊಗೆಯಾಡಿದಾಗ ಬೆಳ್ಳುಳ್ಳಿ ಬಿತ್ತು, ಕೋಳಿ ಬಿತ್ತು. ನಾನು ಸೆರಗನ್ನು ಮೂಗಿಗೆ ಒತ್ತಿಕೊಂಡೆ. ಕೋಳಿ ಬಿಳಿಚಿ ಬೆಂದ ಮೇಲೆ ತರಕಾರಿ, ಆಮೇಲೆ ನೂಡಲ್ಸ್, ಕೊನೆಗೆ ಕಷಾಯದಂಥ ಆ ಕಪ್ಪು ಸಾಸ್. ಎರಡು ಮಗುಚುವ ಕೈಗಳಿಂದ ಎತ್ತಿ ಎತ್ತಿ ಹಾಕಿದಳು. ಅಭ್ಯಾಸಬಲದಿಂದ ಕೈ ಖಾರದ ಡಬ್ಬಿಗೆ ಹೋಗಿ ಹೋಗಿ ವಾಪಸು ಬಂತು.

ಒಗ್ಗರಣೆಗೇ ಓಡುತ್ತಿದ್ದ ಚಂದ್ರವ್ವ ಒಳಕೋಣೆಯಲ್ಲಿ ಎದ್ದು ಕೂತ ಸದ್ದಾಯಿತು. ಓಡಲಿಲ್ಲ. "ಆತೇನವ್ವ?" ಎಂದು ಕೇಳಿದಳು.

ಸಂಗವ್ವ ತಟ್ಟೆಗೆ ಹಾಕಿದಳು. ಹಾಕಿ ನನ್ನ ಕೈಗೆ ಕೊಟ್ಟಳು.

"ನನಗ್ಯಾಕ್ರೀ?"

"ನೀವ ಕೊಡ್ರಿ ಅಕ್ಕಾರ. ನೀವು ಮುತ್ತೈದಿ," ಎಂದು ದನಿ ತಗ್ಗಿಸಿದಳು. "ಹೋದ ಸಲ ಬಯಕಿಗಂತ ನಾನಽ ಕೊಬ್ರಿ ಬೆಲ್ಲ ತುಂಬಿ ಕರ್ಚೀಕಾಯಿ ಮಾಡಿ ಕೊಟ್ಟು ಬಂದಿದ್ದೆ. ಕೂಸು ಹೋದ ದಿನ ದವಾಖಾನಿ ಬಾಗಲದಾಗ ಬೀಗತಿ ಈರವ್ವ ಅಂದ್ಲು, ಮುಂಡಿ ಕೈಯಾಗಿಂದು ತಿಂದ್ರ ಇನ್ನೇನ ಉಳೀತೈತಿ ಅಂತ. ಖರೇನ ಇರಬೇಕ್ರಿ. ನನ್ನ ಕೈಲೆ ಬ್ಯಾಡ."

ಬಯಕೆ ಬಡಿಸುವುದು ಮುತ್ತೈದೆಯರು ಎಂಬ ಪದ್ಧತಿ ನಮ್ಮಲ್ಲೂ ಇದೆ, ಸುಳ್ಳೇಕೆ ಹೇಳಲಿ. ಆದರೆ ಆ ಮಾತು ಕೇಳಿ ನನಗೆ ಈರವ್ವನ ನಾಲಿಗೆ ಹಿಡಿದು ಜಗ್ಗಬೇಕೆನಿಸಿತು. ಅತ್ತ ತಟ್ಟೆಯಲ್ಲಿ ಕೋಳಿ. ಹುಟ್ಟಿದಾಗಿನಿಂದ ಮುಟ್ಟದ್ದನ್ನು ಹಿಡಿದು ನಿಂತಿದ್ದೇನೆ. ಬೇಡವೆಂದರೆ ಈ ಹೆಂಗಸು ಮಗಳಿಗೆ ತಾನಾಗಿ ಬಡಿಸುವವಳಲ್ಲ. ಆದದ್ದಾಗಲಿ ಎಂದು ತಿರುಗಿದೆ.

ಚಂದ್ರವ್ವ ಬಾಗಿಲಿನ ಚೌಕಟ್ಟು ಹಿಡಿದು ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಅತ್ತಿ ನಿನಗ ಹಂಗಂದ್ಲಾ ಅವ್ವ?"

ಸಂಗವ್ವ ತಲೆ ತಗ್ಗಿಸಿದಳು.

"ಆ ಕರ್ಚೀಕಾಯಿ ನಾ ತಿಂದಽ ಇಲ್ಲ. ಒಂದೂ ತಿಂದಿಲ್ಲ. ನೀ ಬಸ್ ಹತ್ತಿದ ಕೂಡ್ಲೆ ಆಕಿ ಡಬ್ಬಿ ಕಸ್ಕೊಂಡು ಎಮ್ಮಿಗೆ ಹಾಕಿದ್ಲು. ನಿನಗ ಹೇಳಿದ್ರ ಜೀವಕ್ಕ ಹಚ್ಕೋತಿ ಅಂತ ಸುಮ್ನಿದ್ದೆ."

ಸಂಗವ್ವ ಸ್ಟವ್ ಆರಿಸುವುದನ್ನೂ ಮರೆತು ನಿಂತಳು. ನಾನೇ ಬಗ್ಗಿ ಸ್ಟವ್ವಿನ ಗಾಳಿ ತೆಗೆದು ಆರಿಸಿದೆ. ಅವಳು ಕೇಳಿದ್ದು ಒಂದೇ.

"ಎಮ್ಮಿ?"

"ಎಮ್ಮಿಗೇನಾಗೇತಿ? ಆವಾಗ ಗಬ್ಬ ಇತ್ತು. ಛಲೋ ಕರ ಹಾಕ್ತು."

ಸಂಗವ್ವ ನೆಲಕ್ಕೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ನಡುನಡುವೆ ನಗುವೂ ಬರುತ್ತಿತ್ತು. ಆಮೇಲೆ ಕಣ್ಣೊರೆಸಿಕೊಂಡು ಎದ್ದು, ನನ್ನ ಕೈಯಿಂದ ತಟ್ಟೆ ತೆಗೆದುಕೊಂಡು ಮಗಳನ್ನು ಮಂಚದ ಮೇಲೆ ಕೂರಿಸಿ ಪಕ್ಕದಲ್ಲಿ ಕೂತಳು. ಜಾರುವ ಎಳೆಗಳನ್ನು ಬೆರಳಲ್ಲಿ ಸುತ್ತಿ, ಒಂದು ಕೋಳಿ ತುಂಡನ್ನು ಸೇರಿಸಿ ಮಗಳ ಬಾಯಿಗಿಟ್ಟಳು.

ಚಂದ್ರವ್ವ ಅಗಿದಳು, ನುಂಗಿದಳು. ಒಳಗೆ ನಿಲ್ಲುತ್ತದೋ ಇಲ್ಲವೋ ಎಂದು ಮೂವರೂ ಉಸಿರು ಬಿಗಿಹಿಡಿದು ಕೂತೆವು. ಅವಳ ಕಣ್ಣು ಬಚ್ಚಲಿನ ಕಡೆ ಹೊರಳಲಿಲ್ಲ.

"ಇನ್ನೊಂದ್ ತುತ್ತು ಹಾಕವ್ವ," ಎಂದಳು.

ಸಂಗವ್ವನ ಕೈ ಆಗಲೇ ತಟ್ಟೆಯಲ್ಲಿತ್ತು.