ಗ್ಲೆನಿಸ್ ಓದದ ಪ್ಯಾರಾ

ಕಡಲಂಚಿನ ನಮ್ಮ ಸ್ಟ್ಯಾನ್ಲಿ ಊರಿನಲ್ಲಿ ಕೆಲಸದಿಂದ ನಿವೃತ್ತರಾದವರೆಲ್ಲ ಒಂದು ಕಾದಂಬರಿ ಬರೆಯುತ್ತಾರೆ. ಗಾಳಿ ಹೊರಗೆ ಕಾಲಿಡಲು ಬಿಡುವುದಿಲ್ಲ, ಬೇರೇನು ಮಾಡುತ್ತಾರೆ ಪಾಪ. ಊರಿನ ಪುಟ್ಟ ಲೈಬ್ರರಿಯ ಕೌಂಟರಿನಲ್ಲಿ ಹತ್ತೊಂಬತ್ತು ವರ್ಷ ಕೂತಿರುವ ನನ್ನನ್ನು ಕೇಳಿದರೆ, ಅವುಗಳಲ್ಲಿ ಅರ್ಧ ಪೆಟ್ಟಿಗೆಯಲ್ಲೇ ಇರಬೇಕಿತ್ತು. ಗ್ಲೆನಿಸ್ ಮ್ಯಾಡಕ್‌ಗೆ ಇಂಥ ಅಭಿಪ್ರಾಯಗಳಿಲ್ಲ. ಅವೆಲ್ಲ ಪುಸ್ತಕದ ರೂಪ ಪಡೆಯುವುದು ಅವಳ ಅಡುಗೆಮನೆಯ ಮೇಜಿನ ಮೇಲೆಯೇ ಆದರೂ ಅವಳು ಒಂದನ್ನೂ ಓದುವುದಿಲ್ಲ. "ನಾನು ಓದಲ್ಲ ಕಣೇ, ನೋಡ್ತೀನಿ ಅಷ್ಟೆ" ಎನ್ನುತ್ತಾಳೆ.

ಅವಳು ಮೂವತ್ತು ವರ್ಷ ಹೋಬಾರ್ಟಿನ ಯೂನಿವರ್ಸಿಟಿಯಲ್ಲಿ ಗಣಿತದ ಪ್ರೊಫೆಸರುಗಳ ಬಳಿ ಟೈಪಿಸ್ಟ್ ಆಗಿದ್ದಳು. ಅವರ ಕೋಳಿಕಾಲಿನ ಸಮೀಕರಣಗಳನ್ನು ಅಚ್ಚಿಗೆ ಜೋಡಿಸುವ ಸಾಫ್ಟ್‌ವೇರನ್ನು ಅಲ್ಲೇ ಕಲಿತಳು. ನಿವೃತ್ತಳಾಗಿ ತಾಯಿಯ ಮನೆಗೆ ಬಂದ ಮೇಲೆ ಅದೇ ಸಾಫ್ಟ್‌ವೇರಿಗೆ ಕಾದಂಬರಿಗಳನ್ನು ಉಣಿಸತೊಡಗಿದಳು. ಯಾರು ಎಷ್ಟೇ ಅಂದದ ಅಕ್ಷರಗಳಲ್ಲಿ ಸಿಂಗರಿಸಿ ತಂದರೂ ಮೊದಲು ಎಲ್ಲವನ್ನೂ ಕಿತ್ತುಹಾಕಿ ಬರಿಯ ಪಠ್ಯ ಮಾಡುತ್ತಾಳೆ. ಕಪ್ಪು ಪರದೆ, ಬಿಳಿ ಅಕ್ಷರ, ಒಂದು ಪ್ಯಾರಾಕ್ಕೆ ಒಂದೇ ಉದ್ದನೆಯ ಸಾಲು. ಆಮೇಲೆ ಇಲ್ಲಿ ಅಧ್ಯಾಯ, ಇಲ್ಲಿ ಬಿಡುವು ಎಂದು ಸಾಲುಗಳ ನಡುವೆ ಆಜ್ಞೆ ಬರೆದು ಒಂದು ಕೀಲಿ ಒತ್ತಿದರೆ, ಕಣ್ಣು ಮಿಟುಕಿಸುವಷ್ಟರಲ್ಲಿ ಅಂಚು ಕಟ್ಟಿದ ಪುಟಗಳು ಸಿದ್ಧ. ಸೋದರಳಿಯ ಒಮ್ಮೆ ಬಂದು, ತಪ್ಪುಗಳು ಬೇಗ ಕಾಣಲಿ ಎಂದು ಆ ಪರದೆಗೆ ಬಣ್ಣ ಹಾಕಿಕೊಟ್ಟಿದ್ದ. ಕಣ್ಣು ಕುಕ್ಕುತ್ತದೆಂದು ಅವನ ಕಾರು ತಿರುವು ದಾಟುವ ಮೊದಲೇ ತೆಗೆದುಹಾಕಿದಳು. ಹಟಮಾರಿ.

ಆ ಸಾಫ್ಟ್‌ವೇರಿಗೊಂದು ಕಟ್ಟಳೆಯಿದೆ. ಸಾಲಿನಲ್ಲಿ ಶೇಕಡಾ ಚಿಹ್ನೆ ಬಂದರೆ ಅದರ ನಂತರ ಆ ಸಾಲಿನಲ್ಲಿರುವುದೆಲ್ಲ ಟೈಪ್ ಮಾಡುವವರು ತಮಗೆ ತಾವೇ ಬರೆದುಕೊಂಡ ಟಿಪ್ಪಣಿ ಎಂದು ತಿಳಿದು ಅದನ್ನು ಅಚ್ಚು ಮಾಡುವುದಿಲ್ಲ. ತಪ್ಪಾಯಿತು ಎಂದು ದೂರುವುದೂ ಇಲ್ಲ, ಸುಮ್ಮನೆ ನುಂಗುತ್ತದೆ. ಚಿಹ್ನೆ ನಿಜವಾಗಿ ಬೇಕಿದ್ದರೆ ಅದಕ್ಕೆ ಮೊದಲು ಒಂದು ಓರೆಗೆರೆ ಹಾಕಬೇಕು. ಅದಕ್ಕೇ ಗ್ಲೆನಿಸ್ ಹಸ್ತಪ್ರತಿ ಕೈಗೆ ಬಂದೊಡನೆ ಮೊದಲು ಈ ಚಿಹ್ನೆಗಳನ್ನು ಹುಡುಕಿ ಓರೆಗೆರೆ ಹಾಕಿ ಮುಗಿಸುತ್ತಿದ್ದಳು.

ಕಳೆದ ವರ್ಷ ಡೆಸ್ ಟ್ರಿಫಿಟ್ ತನ್ನ ಕಾದಂಬರಿ ತಂದ. ಎಪ್ಪತ್ತೊಂಬತ್ತು ವರ್ಷ, ಹಳೆಯ ಮೀನುಗಾರ, ದೃಷ್ಟಿ ತಿಂಗಳು ತಿಂಗಳು ಮಂಕಾಗುತ್ತಿತ್ತು. ಐವತ್ತು ವರ್ಷದ ಹಿಂದೆ ಬಿರುಗಾಳಿಯಲ್ಲಿ ಅವನ ದೋಣಿ ತಮ್ಮ ಲೈಲ್‌ನ ಕೆಟ್ಟುಹೋದ ದೋಣಿಯನ್ನು ಎಳೆದು ತರುತ್ತಿತ್ತು. ಹಗ್ಗ ಹರಿಯಿತು, ಲೈಲ್ ಹೋದ. ಡೆಸ್ ಮೂರು ದಿನ ಸಮುದ್ರ ಜಾಲಾಡಿದ. ಆಮೇಲೆ ಲೈಲ್‌ನ ಹೆಂಡತಿ ರೋಡಾಳ ಮನೆಗೆ ಸೌದೆ ಒಡೆದು ಹಾಕಿದ, ಅವಳ ಸೂರು ರಿಪೇರಿ ಮಾಡಿದ, ಅವಳ ಇಬ್ಬರು ಹುಡುಗಿಯರನ್ನು ಶಾಲೆಗೆ ಬಿಟ್ಟು ಬಂದ. ಊರಿಗೆಲ್ಲ ಗೊತ್ತಿದ್ದ ಕಥೆ ಇದು. ಕಾದಂಬರಿಯಲ್ಲಿ ಹೆಸರು ಬದಲಿಸಿದ್ದ, ಯಾರೂ ಮೋಸ ಹೋಗುವಂತಿರಲಿಲ್ಲ.

ಕೊನೆಯ ಅಧ್ಯಾಯ ಮಾತ್ರ ಅವನು ಕೊಟ್ಟಿರಲಿಲ್ಲ. ಮಾರ್ಚಿನ ಒಂದು ಮಧ್ಯಾಹ್ನ ಬಂದು, ನಿನ್ನ ಕಂಪ್ಯೂಟರಿನಲ್ಲಿ ನಾನೇ ಕೂತು ಟೈಪ್ ಹೊಡೆಯುತ್ತೇನೆ, ಅಚ್ಚಾಗುವವರೆಗೆ ನೀನು ಓದಬಾರದು ಎಂದು ಕೇಳಿಕೊಂಡ. "ಮೊದ್ಲು ರೋಡಾ ಓದ್ಬೇಕು. ಅವ್ಳಿಗೋಸ್ಕರಾನೇ ಇಡೀ ಪುಸ್ತಕ ಬರ್ದಿರೋದು." ಗ್ಲೆನಿಸ್ ಎರಡು ಗಂಟೆ ಹಿತ್ತಿಲಲ್ಲಿ ಕಳೆ ಕಿತ್ತಳು. ಚಿಹ್ನೆ ಹುಡುಕುವ ಕೆಲಸ ಬೆಳಿಗ್ಗೆಯೇ ಮುಗಿದಿತ್ತು. ಮತ್ತೆ ಹುಡುಕಿದರೆ ಸಾಲುಗಳು ಕಣ್ಣಿಗೆ ಬೀಳುತ್ತವೆಂದು ಹುಡುಕಲಿಲ್ಲ. ಮಾತು ಕೊಟ್ಟಿದ್ದಳಲ್ಲ. ಡೆಸ್ ಪ್ರೂಫ್ ಪುಟಗಳನ್ನು ಭೂತಗನ್ನಡಿ ಹಿಡಿದು ನೋಡಿ ಸಹಿ ಹಾಕಿಕೊಟ್ಟ.

ಐವತ್ತು ಪ್ರತಿಗಳು ಬುಧವಾರ ಲೈಬ್ರರಿಗೆ ಬಂದವು. ಶನಿವಾರ ಬಿಡುಗಡೆ, ಮುಂದಿನ ಸಾಲಿನಲ್ಲಿ ರೋಡಾಗೆ ಕುರ್ಚಿ. ನಾನು ಪೆಟ್ಟಿಗೆ ಒಡೆದವಳೇ ಕೊನೆಯ ಅಧ್ಯಾಯಕ್ಕೆ ಹೋದೆ, ನನ್ನ ಬುದ್ಧಿ ಅಂಥದು. ಬಿರುಗಾಳಿ, ಎರಡೂ ದೋಣಿಗೆ ನೀರು ನುಗ್ಗುತ್ತಿದೆ. "ಇಬ್ಬರೂ ಉಳಿಯುವ ಸಾಧ್ಯತೆ 10" ಎಂಬಲ್ಲಿಗೆ ಪ್ಯಾರಾ ನಿಂತುಬಿಟ್ಟಿತ್ತು. ಮುಂದಿನದರಲ್ಲಿ ಬೆಳಗಾಗಿತ್ತು. ಏನೋ ಬಿಟ್ಟುಹೋದಂತಿದೆ ಎಂದು ಗ್ಲೆನಿಸ್‌ಗೆ ಫೋನ್ ಮಾಡಿ, ಪ್ರತಿ ಹಿಡಿದು ಅವಳ ಮನೆಗೇ ನಡೆದೆ.

ನಾನು ಹೋಗುವಷ್ಟರಲ್ಲಿ ಅವಳು ಕಡತ ತೆರೆದಿದ್ದಳು. ಈ ಸಲ ಓದಿಯೂ ಇದ್ದಳು. ಹತ್ತರ ಪಕ್ಕದಲ್ಲಿ ಶೇಕಡಾ ಚಿಹ್ನೆ, ಅದರ ನಂತರ ಹನ್ನೊಂದು ವಾಕ್ಯ. ಹಗ್ಗ ತಾನಾಗಿ ಹರಿದಿರಲಿಲ್ಲ. ಅಣ್ಣ ಸೊಂಟದ ಚಾಕು ತೆಗೆದು ಕತ್ತರಿಸಿದ್ದ, ತಮ್ಮ ಅದನ್ನು ನೋಡಿದ್ದ. ನನಗೆ ಡೆಸ್ ಮೇಲೆ ಸಿಟ್ಟೂ ಬಂತು, ಅವನು ಹೊತ್ತ ಸೌದೆಯೆಲ್ಲ ನೆನಪಾಗಿ ಅಳುವೂ ಬಂತು. ಗ್ಲೆನಿಸ್‌ಗೆ ಸಿಟ್ಟಿದ್ದದ್ದು ತನ್ನ ಮೇಲೆಯೇ. ಇದು ಮೊದಲ ವಾರ ಕಲಿಯುವವರು ಮಾಡುವ ತಪ್ಪು, ಬಣ್ಣ ಇದ್ದಿದ್ದರೆ ಮೂರು ಮಾರು ದೂರದಿಂದಲೇ ಕಾಣುತ್ತಿತ್ತು ಎಂದು ತನ್ನನ್ನೇ ಶಪಿಸಿಕೊಂಡಳು.

ಡೆಸ್‌ನನ್ನು ಕರೆಸಿ ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದಳು. ಬಿಡುಗಡೆಯನ್ನು ಮುಂದೂಡಿ ಪೂರ್ತಿ ಮತ್ತೆ ಅಚ್ಚು ಮಾಡಿಸುತ್ತೇನೆ ಎಂದಳು. ಅವನು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ಕೂತ.

"ಗೊತ್ತಿತ್ತು," ಎಂದ. "ಪ್ರೂಫ್‌ನಲ್ಲೇ ನೋಡ್ದೆ. ನಾನಂತೂ ಬರ್ದೆ, ನಿನ್ ಮಶೀನೇ ಬೇಡ ಅಂತು. ಹಾಗೇ ಇರ್ಲಿ ಬಿಡು ಅನ್ನಿಸ್ತು."

ಹಾಗೇ ಇರಲಿ ಎಂದು ಅವಳೂ ಹೇಳಲಿ ಎಂದು ನಾನು ಮನಸಾರೆ ಹಾರೈಸಿದೆ. ಈ ವಯಸ್ಸಿನಲ್ಲಿ ರೋಡಾಳ ನೆಮ್ಮದಿ ಕೆಡಿಸಿ ಯಾರಿಗೇನು ಸಿಗಬೇಕು? ಗ್ಲೆನಿಸ್ ಎದ್ದು ತನ್ನ ಕುರ್ಚಿಯನ್ನು ಅವನಿಗೆ ಬಿಟ್ಟುಕೊಟ್ಟಳು.

"ಇಷ್ಟು ವರ್ಷದಲ್ಲಿ ಯಾರದೂ ಒಂದಕ್ಷರ ನಾನಾಗಿ ತೆಗ್ದಿಲ್ಲ ಡೆಸ್. ಬೇಡ ಅಂದ್ರೆ ಆ ಸಾಲನ್ನ ನೀನೇ ಅಳಿಸು. ನನ್ ತಪ್ಪಿನ ಹಿಂದೆ ಬಚ್ಚಿಟ್ಕೋಬೇಡ."

ಅಕ್ಷರಗಳನ್ನು ಅವನ ಕಣ್ಣಿಗೆ ಕಾಣುವಷ್ಟು ದೊಡ್ಡದು ಮಾಡಿ, ಕರ್ಸರನ್ನು ಚಿಹ್ನೆಗಿಂತ ಮೊದಲು ತಂದು ನಿಲ್ಲಿಸಿದಳು. ಓರೆಗೆರೆಯ ಕೀಲಿ ಯಾವುದು, ಅಳಿಸುವ ಕೀಲಿ ಯಾವುದು ಎಂದು ಬೆರಳಿಟ್ಟು ತೋರಿಸಿದಳು. ಅವನು ಪರದೆಗೆ ಮೂಗು ತಾಗುವಷ್ಟು ಬಗ್ಗಿ ತನ್ನ ಹನ್ನೊಂದು ವಾಕ್ಯಗಳನ್ನು ತುಟಿ ಅಲುಗಿಸುತ್ತ ಓದಿದ. ಮತ್ತೊಮ್ಮೆ ಓದಿದ. ಕೆಟಲ್ ಕುದಿದು ತಾನಾಗಿ ಆರಿತು, ಯಾರೂ ಏಳಲಿಲ್ಲ. ಕೊನೆಗೆ ಆ ದಪ್ಪ ಬೆರಳು ಓರೆಗೆರೆಯನ್ನು ಒತ್ತಿತು. ಗ್ಲೆನಿಸ್ ಪುಟಗಳನ್ನು ಮತ್ತೆ ಕಟ್ಟಿಸಿದಾಗ ಅಧ್ಯಾಯ ಒಂದು ಪುಟ ಬೆಳೆದಿತ್ತು.

ಹೊಸ ಅಚ್ಚಿಗೆ ಡೆಸ್ ಕಾಯಲಿಲ್ಲ. ಆ ಅಧ್ಯಾಯವೊಂದನ್ನೇ ಅವಳ ಪ್ರಿಂಟರಿನಿಂದ ತೆಗೆಸಿಕೊಂಡು ನೇರ ರೋಡಾಳ ಮನೆಗೆ ಹೋಗಿ ಕೊಟ್ಟುಬಂದ. ಎರಡು ವಾರ ತಡವಾಗಿ ನಡೆದ ಬಿಡುಗಡೆಗೆ ಅವಳು ಬರಲಿಲ್ಲ. ನಮ್ಮಲ್ಲಿ ಜೂನಿಗೆ ಶುರುವಾಗುವ ಚಳಿಗಾಲವಿಡೀ ಅವನಿಗೆ ಬಾಗಿಲು ತೆರೆಯಲಿಲ್ಲ. ಗ್ಲೆನಿಸ್ ಸೊರಗಿಹೋದಳು, ಬಂದ ಹಸ್ತಪ್ರತಿಗಳನ್ನು ಮುಟ್ಟದೆ ಹಾಗೇ ಇಟ್ಟಳು. ಸೆಪ್ಟೆಂಬರಿನಲ್ಲಿ ನಾವಿಬ್ಬರೂ ಬಂದರಿನ ಕಡೆ ಹೊರಟಾಗ ಡೆಸ್ ಎದುರಾದ. ನಾನು ಸುಮ್ಮನಿರಬೇಕಿತ್ತಾ ಎಂದು ಗ್ಲೆನಿಸ್ ಕೇಳಿಯೇಬಿಟ್ಟಳು.

ಹಿಂದಿನ ದಿನ ರೋಡಾ ಅವನ ಗೇಟಿಗೆ ಬಂದಿದ್ದಳಂತೆ. ಬೀದಿಯವರೆಲ್ಲ ಕೇಳುವಂತೆ ಕಾಲು ಗಂಟೆ ನಿಂತು ಬೈದು ಹೋದಳಂತೆ.

"ಐವತ್ತು ವರ್ಷ ಅವ್ಳು ನಂಗೆ ಥ್ಯಾಂಕ್ಸ್ ಹೇಳ್ತಾನೇ ಇದ್ಲು," ಎಂದ ಡೆಸ್. "ಒಂದ್ಸಲಾನೂ ಮುಖ ನೋಡೋಕಾಗ್ಲಿಲ್ಲ ನಂಗೆ. ನಿನ್ನೆ ಪೂರ್ತಿ ನೋಡ್ದೆ."